ಔಟಾಗದೆ ಉಳಿದ ಐದು ನಿಮಿಷ

ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಮೊದಲ ಕೊಕ್ಕೊ ವಿಶ್ವಕಪ್ ಗೆದ್ದ ಭಾರತ ಮಹಿಳಾ ತಂಡದ ಆಟಗಾರ್ತಿ. ನವದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ 2025ರ ಜನವರಿ 19ರಂದು ನಡೆದ ಫೈನಲ್‌ನಲ್ಲಿ ಭಾರತ 78–40ರಿಂದ ನೇಪಾಳವನ್ನು ಸೋಲಿಸಿತು. ಪಂದ್ಯದ ಶ್ರೇಷ್ಠ ಆಟಗಾರ್ತಿ ಎಂಬ ಗೌರವ ಚೈತ್ರಾ ಅವರ ಪಾಲಾಯಿತು.

ಕೊಕ್ಕೊ ಹಳೆಯ ಆಟವಾದರೂ ಅದರ ನಿಯಮಗಳು ಬರಹಕ್ಕೆ ಇಳಿದದ್ದು 1914ರಲ್ಲಿ, ಪುಣೆಯ ಡೆಕ್ಕನ್ ಜಿಮ್ಖಾನಾದಲ್ಲಿ. 1936ರ ಬರ್ಲಿನ್ ಒಲಿಂಪಿಕ್ಸ್ ವೇಳೆ ಅದರ ಪ್ರದರ್ಶನವೂ ನಡೆದಿತ್ತು. ಎರಡು ಕಂಬ, ಸುಣ್ಣದ ಗೆರೆ, ಸಮತಟ್ಟಾದ ಮಣ್ಣು ಇದ್ದರೆ ಸಾಕು, ಅಂಕಣ ಸಿದ್ಧ. ಚೆಂಡು ಬೇಡ, ಬ್ಯಾಟ್ ಬೇಡ, ಬೂಟೂ ಬೇಡ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಂಥ ಕಾಡಂಚಿನ ಊರಿನ ಶಾಲೆಗೂ ಇದು ನಿಲುಕುತ್ತದೆ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲೂ ಹೆಣ್ಣುಮಕ್ಕಳು ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಹೊರಟರೆಂದರೆ ಸಾಮಾನ್ಯವಾಗಿ ಅದು ಕೊಕ್ಕೊ, ಕಬಡ್ಡಿ ಇಲ್ಲವೇ ಥ್ರೋಬಾಲ್‌ಗಾಗಿ. ಅಲ್ಲಿಂದ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಹಂತ ಏರುತ್ತಾ ಹೋಗಬೇಕು. ಚೈತ್ರಾ ನಡೆದದ್ದೂ ಇದೇ ದಾರಿ. ಕೃಷಿ ಕುಟುಂಬದ ಹುಡುಗಿ, ಊರಿನ ಶಾಲೆಯಲ್ಲೇ ದೈಹಿಕ ಶಿಕ್ಷಕರ ಕೈಯಲ್ಲಿ ಪಳಗಿದವರು. ಇಂಥ ಶಿಕ್ಷಕರೊಬ್ಬರು ಇಲ್ಲದಿದ್ದರೆ ಮೈದಾನ ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ.

ನೋಡಲು ಸುಲಭವೆನಿಸಿದರೂ ಕೊಕ್ಕೊ ಲೆಕ್ಕಾಚಾರದ ಆಟ. ಅಂಕಣದ ನಡುವಿನ ಸಾಲಿನಲ್ಲಿ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂತಿರುತ್ತಾರೆ. ಅಟ್ಟಿಸಿಕೊಂಡು ಹೋಗುವವರು ಆ ಸಾಲನ್ನು ನಡುವೆ ದಾಟುವಂತಿಲ್ಲ, ಹಿಡಿದ ದಿಕ್ಕನ್ನು ಬದಲಿಸುವಂತಿಲ್ಲ. ಕಂಬ ಸುತ್ತಿ ಬರಬೇಕು, ಇಲ್ಲವೇ ಕೂತವರ ಬೆನ್ನು ಮುಟ್ಟಿ ‘ಖೊ’ ಕೊಟ್ಟು ತಾವು ಕೂರಬೇಕು. ಓಡುವವರಿಗೆ ಈ ಕಟ್ಟುಪಾಡು ಇಲ್ಲ. ಕೂತವರ ನಡುವೆ ಹಾವಿನಂತೆ ನುಸುಳುತ್ತಾ ‘ಚೈನ್’ ಆಡಬಹುದು, ಸಾಲಿನ ಒಂದು ಭಾಗವನ್ನೇ ಸುತ್ತುತ್ತಾ ‘ರಿಂಗ್’ ಆಡಬಹುದು. ಯಾವುದನ್ನು ಯಾವಾಗ ಬಿಟ್ಟು ಯಾವುದಕ್ಕೆ ಹೊರಳಬೇಕೆಂಬ ತೀರ್ಮಾನ ಕ್ಷಣಮಾತ್ರದಲ್ಲಿ ಆಗಬೇಕು. ವೇಗಕ್ಕಿಂತಲೂ ದೊಡ್ಡದು ಈ ಅಂದಾಜು.

ವಿಶ್ವಕಪ್‌ಗೆ ಆಟವನ್ನು ಚುರುಕುಗೊಳಿಸಿ ಏಳು ನಿಮಿಷಗಳ ನಾಲ್ಕು ಸರದಿ ಮಾಡಲಾಗಿತ್ತು. ಓಡುವವರು ಗುಂಪುಗುಂಪಾಗಿ ಅಂಕಣಕ್ಕಿಳಿಯುತ್ತಾರೆ. ಒಂದು ಗುಂಪು ಗೊತ್ತುಮಾಡಿದ ಅವಧಿಯನ್ನೂ ಮೀರಿ ಉಳಿದರೆ ಅದು ‘ಡ್ರೀಮ್ ರನ್’, ಅದಕ್ಕೆ ಹೆಚ್ಚುವರಿ ಅಂಕ. ಪ್ರಿಯಾಂಕಾ ಇಂಗ್ಳೆ ನಾಯಕತ್ವದ ಭಾರತ ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾವನ್ನು 175–18ರಿಂದ ಮಣಿಸಿತ್ತು. ಇಂಥ ಅಂತರದ ಗೆಲುವಿನಿಂದ ಆಟಗಾರ್ತಿಯರ ತೂಕ ತಿಳಿಯುವುದಿಲ್ಲ. ಕ್ವಾರ್ಟರ್‌ಫೈನಲ್‌ನಲ್ಲಿ ಬಾಂಗ್ಲಾದೇಶ, ಸೆಮಿಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ದಾಟಿದ ಮೇಲೆ ಎದುರಾದ ನೇಪಾಳದ ಕಥೆ ಬೇರೆ. ಮೊದಲ ಸರದಿಗೆ ಭಾರತ 34–0 ಮುಂದಿದ್ದರೂ ಎರಡನೆಯದರಲ್ಲಿ ನೇಪಾಳ 24 ಅಂಕ ಗಳಿಸಿತು. ಮೂರನೇ ಸರದಿಯ ಕೊನೆಗೆ ಅಂಕ 73–24. ನಾಲ್ಕನೆಯದರಲ್ಲಿ ನೇಪಾಳ ಬೆನ್ನಟ್ಟಿದಾಗ ಚೈತ್ರಾ ಇದ್ದ ಗುಂಪು 5 ನಿಮಿಷ 14 ಸೆಕೆಂಡು ಉಳಿಯಿತು. ಭಾರತದ ಮೊತ್ತ 78ಕ್ಕೆ ಏರಿದ್ದು ಈ ಓಟದಿಂದ.

ಗೋಲು ಹೊಡೆಯುವವರ ಸಾಧನೆ ಎಣಿಕೆಗೆ ಸಿಗುತ್ತದೆ, ಸಿಕ್ಕಿಬೀಳದೆ ಉಳಿದವರದ್ದು ಬೇಗ ಮರೆತುಹೋಗುತ್ತದೆ. ಆದರೆ ಎಣಿಕೆಗೆ ಸಿಕ್ಕ ಮಾತ್ರಕ್ಕೆ ಬದುಕು ನಡೆಯುವುದೂ ಇಲ್ಲ. ಇಟಲಿಯ ಫುಟ್‌ಬಾಲ್ ಸ್ಟ್ರೈಕರ್ ಕ್ಯಾರೊಲಿನಾ ಮೊರಾಚೆ ದೇಶದ ಪರ ನೂರಕ್ಕೂ ಹೆಚ್ಚು ಗೋಲು ಗಳಿಸಿದರು, 1991ರ ಮೊದಲ ಮಹಿಳಾ ವಿಶ್ವಕಪ್‌ನಲ್ಲಿ ಹ್ಯಾಟ್ರಿಕ್ ಬಾರಿಸಿದರು, 1988ರಿಂದ 1998ರವರೆಗೆ ಸತತ ಹನ್ನೊಂದು ಬಾರಿ ಇಟಲಿಯ ಲೀಗಿನ ಅತಿ ಹೆಚ್ಚು ಗೋಲಿನ ಆಟಗಾರ್ತಿಯಾದರು. ಅಷ್ಟಾದರೂ ಅಲ್ಲಿನ ಮಹಿಳಾ ಲೀಗಿಗೆ ವೃತ್ತಿಪರ ಮಾನ್ಯತೆ ದೊರೆತದ್ದು 2022ರ ಜುಲೈನಲ್ಲಿ, ಅವರು ಆಟ ಬಿಟ್ಟು ಎರಡು ದಶಕ ಕಳೆದ ಮೇಲೆ. ಮೊರಾಚೆ ಕಾನೂನು ಓದಿ ವಕೀಲರೂ ಆದರು.

ಭಾರತದ ಕೊಕ್ಕೊದಲ್ಲಿ 2022ರ ಆಗಸ್ಟ್‌ನಲ್ಲಿ ಆರಂಭವಾದ ಅಲ್ಟಿಮೇಟ್ ಲೀಗ್ ಪುರುಷರದ್ದು. ಹೆಣ್ಣುಮಕ್ಕಳಿಗೆ ಉಳಿಯುವುದು ರಾಷ್ಟ್ರೀಯ ಚಾಂಪಿಯನ್‌ಷಿಪ್, ವಿಶ್ವವಿದ್ಯಾಲಯದ ತಂಡ, ಕ್ರೀಡಾ ಕೋಟಾದ ನೌಕರಿಯ ಆಸೆ. ವಿಶ್ವಕಪ್ ಗೆದ್ದು ಬಂದಾಗ, ಆಟದಿಂದ ಬದುಕು ನಡೆಯುತ್ತದೆಯೇ ಎಂಬ ಪ್ರಶ್ನೆ ಬಯಲಿಗೆ ಬಂತು. ಕರ್ನಾಟಕ ಸರ್ಕಾರ ಚೈತ್ರಾ ಅವರಿಗೂ ಪುರುಷರ ತಂಡದಲ್ಲಿದ್ದ ಎಂ.ಕೆ. ಗೌತಮ್ ಅವರಿಗೂ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿ ಜೊತೆಗೆ ಸರ್ಕಾರಿ ನೌಕರಿ ಪ್ರಕಟಿಸಿತ್ತು. ಇದನ್ನು ಮುಂದಿಟ್ಟು ಇಬ್ಬರೂ ಆ 5 ಲಕ್ಷವನ್ನು ಒಲ್ಲೆ ಎಂದರು.