ಕಲ್ಲು ಬೆವರುವುದೇಕೆ?

ಮುಳಬಾಗಿಲು ತಾಲ್ಲೂಕಿನ ಆವನಿ ಕಲ್ಲಿನ ಊರು. ಅಲ್ಲಿಯ ಬೆಟ್ಟ ಕಲ್ಲು. ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯಗಳ ಸಮೂಹವೂ ಕಲ್ಲು. ಕೋಲಾರದ ಸೀಮೆಯಲ್ಲಿ ಅನೇಕ ಹಳೆಯ ಮನೆಗಳ ನೆಲಕ್ಕೂ ಕಲ್ಲುಚಪ್ಪಡಿಯನ್ನೇ ಹಾಸಿರುತ್ತಾರೆ. ಕೆಲವು ದಿನ ಚಳಿಯಿದ್ದು, ಅನಂತರ ಬಂಗಾಳ ಕೊಲ್ಲಿಯ ಕಡೆಯಿಂದ ಬೆಚ್ಚನೆಯ ತೇವದ ಗಾಳಿ ಬೀಸಿತೆಂದರೆ, ಯಾರೂ ನೀರು ಚೆಲ್ಲದಿದ್ದರೂ ಇಂತಹ ನೆಲ ಒದ್ದೆಯಾಗುವುದುಂಟು. ‘ನೆಲ ಬೆವರಿದೆ’ ಎಂದು ನಾವು ಹೇಳುತ್ತೇವೆ. ಆದರೆ ಕಲ್ಲಿನೊಳಗೆ ಬೆವರೆಲ್ಲಿಯದು?

ಇಬ್ಬನಿಯು ಆಕಾಶದಿಂದ ಬೀಳುವುದಿಲ್ಲ, ಗಾಳಿಯಲ್ಲಿರುವ ನೀರಾವಿಯೇ ತಣ್ಣನೆಯ ವಸ್ತುಗಳ ಮೇಲೆ ನೀರಾಗುತ್ತದೆ ಎಂಬುದನ್ನು ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯನು 1814ರಲ್ಲಿ ವಿವರಿಸಿದನು. ನೆಲದ ಬೆವರೂ ಇಬ್ಬನಿಯೇ. 26 ಡಿಗ್ರಿ ಸೆಂಟಿಗ್ರೇಡಿನ ಗಾಳಿಯು ಪ್ರತಿ ಘನಮೀಟರಿಗೆ ಹೆಚ್ಚೆಂದರೆ ಸುಮಾರು 24.4 ಗ್ರಾಂ ನೀರಾವಿಯನ್ನು ಹೊರಬಲ್ಲದು. 22 ಡಿಗ್ರಿಯಲ್ಲಾದರೆ 19.4 ಗ್ರಾಂ ಮಾತ್ರ. 26 ಡಿಗ್ರಿಯ ಗಾಳಿಯಲ್ಲಿ ಆರ್ದ್ರತೆಯು ಶೇಕಡಾ 85 ಇದ್ದರೆ ನೀರಾವಿ ಸುಮಾರು 20.7 ಗ್ರಾಂ ಆಯಿತು. ಆ ಗಾಳಿ 22 ಡಿಗ್ರಿಯ ಚಪ್ಪಡಿಯನ್ನು ಸೋಕಿದಾಗ, ಹೊರಲಾರದ ಹೆಚ್ಚಿನ ಭಾಗವನ್ನು ಅಲ್ಲಿಯೇ ಇಳಿಸಬೇಕಾಗುತ್ತದೆ. ಬಾಗಿಲು ತೆರೆದಿರುವವರೆಗೂ ಹೊಸ ಗಾಳಿ ಬರುತ್ತಲೇ ಇರುವುದರಿಂದ ನೀರೂ ಕೂಡುತ್ತಲೇ ಹೋಗುತ್ತದೆ.

ಗಾಳಿಯಷ್ಟು ಬೇಗನೆ ಕಲ್ಲು ಬೆಚ್ಚಗಾಗದೇಕೆ? ಒಂದು ಘನಮೀಟರು ಗಾಳಿಯನ್ನು ಒಂದು ಡಿಗ್ರಿಯಷ್ಟು ಕಾಯಿಸಲು ಬೇಕಾಗುವ ಶಾಖಕ್ಕಿಂತ, ಅಷ್ಟೇ ಗಾತ್ರದ ಕಗ್ಗಲ್ಲಿಗೆ ಸಾವಿರದ ಐನೂರು ಪಟ್ಟಿಗೂ ಹೆಚ್ಚು ಶಾಖ ಬೇಕು. ಆದುದರಿಂದ ಹವೆ ಬದಲಾದ ಮೇಲೂ ಕಲ್ಲು ಹಿಂದಿನ ದಿನಗಳ ತಂಪನ್ನು ಉಳಿಸಿಕೊಂಡಿರುತ್ತದೆ.

ಕಣ್ಣಿಗೆ ಕಾಣುವ ನೀರನ್ನು ಒರೆಸಬಹುದು; ಕಾಣದ ತೇವವೇ ಹೆಚ್ಚು ಅಪಾಯಕರ. ಬೂಷ್ಟು ಬೆಳೆಯಲು ನೀರಿನ ಹನಿಯೇ ಬೇಕಾಗಿಲ್ಲ. ವಸ್ತುವಿನ ಮೇಲ್ಮೈಯಲ್ಲಿ ಶೇಕಡಾ 80ಕ್ಕೆ ಮೀರಿದ ಆರ್ದ್ರತೆ ಕೆಲವು ದಿನ ನಿಂತರೆ ಸಾಕು. 26 ಡಿಗ್ರಿಯ ಕೋಣೆಯಲ್ಲಿ ಆರ್ದ್ರತೆ ಕೇವಲ ಶೇಕಡಾ 70 ಇದ್ದರೂ, 22 ಡಿಗ್ರಿಯ ನೆಲಕ್ಕೆ ತಗುಲಿದ ಗಾಳಿಯಲ್ಲಿ ಅದು ಶೇಕಡಾ 88 ಆಗಿರುತ್ತದೆ. ಕಲ್ಲು ಬೂಷ್ಟಿಗೆ ಆಹಾರವಲ್ಲ; ಅದರ ಮೇಲಿಟ್ಟ ಚಾಪೆ, ಪುಸ್ತಕ, ಮರ, ಧಾನ್ಯದ ಚೀಲ ಇವೆಲ್ಲವೂ ಆಹಾರವೇ. ಕಡಲೆಕಾಯಿಯ ಮೇಲೆ ಬೆಳೆಯುವ ಒಂದು ಜಾತಿಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡಬಲ್ಲದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತಾಗ, ಮೇವಿನಲ್ಲಿದ್ದ ಕಡಲೆಕಾಯಿ ಹಿಂಡಿಯಿಂದ ಈ ವಿಷವು ಪತ್ತೆಯಾಯಿತು. ಅದು ಯಕೃತ್ತನ್ನು ಕೆಡಿಸುತ್ತದೆ. ಸಾಧಾರಣ ಅಡುಗೆಯ ಬಿಸಿಗೆ ಪೂರ್ತಿ ನಾಶವಾಗುವುದಿಲ್ಲ. ಚೀಲಗಳನ್ನು ನೆಲಕ್ಕೆ ತಗುಲದಂತೆ ಮರದ ಹಲಗೆಯ ಮೇಲೆ, ಗೋಡೆಯಿಂದ ದೂರವಾಗಿ ಇಡುವ ಹಿರಿಯರ ರೂಢಿ ಅರ್ಥವಿಲ್ಲದ್ದಲ್ಲ.

ನೆಲದ ತೇವ ಗಾಳಿಯಿಂದ ಬಂದುದೋ, ಮಣ್ಣಿನಿಂದ ಏರಿದುದೋ ಎಂಬುದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಒಂದು ಪ್ಲಾಸ್ಟಿಕ್ ಹಾಳೆಯ ಅಂಚುಗಳನ್ನೆಲ್ಲ ನೆಲಕ್ಕೆ ಅಂಟಿಸಿ ಒಂದು ದಿನ ಬಿಡಿರಿ. ಹಾಳೆಯ ಮೇಲೆ ನೀರಿದ್ದರೆ ಅದು ಗಾಳಿಯದು, ಕೆಳಗಿದ್ದರೆ ಮಣ್ಣಿನದು. ಮಣ್ಣಿನ ತೇವವಿರುವ ನೆಲದ ಮೇಲೆ ಪ್ಲಾಸ್ಟಿಕ್ ಹಾಸನ್ನೋ ಮರದ ಹಲಗೆಯನ್ನೋ ಅಂಟಿಸಿದರೆ ತೇವ ಅಡಿಯಲ್ಲಿ ಸಿಕ್ಕಿಕೊಂಡು, ಅಂಟು ಬಿಡುವುದು, ಹಲಗೆ ಉಬ್ಬುವುದು ಸಹಜ.

ಇನ್ನೊಂದು ಪ್ರಯೋಗ: ಹೊಳೆಯುವ ಲೋಟದಲ್ಲಿ ನೀರು ತೆಗೆದುಕೊಂಡು, ಮಂಜುಗಡ್ಡೆಯ ಚೂರುಗಳನ್ನು ಒಂದೊಂದಾಗಿ ಹಾಕುತ್ತ ಕಲಕಿರಿ. ಹೊರಮೈ ಮಸುಕಾದ ಕ್ಷಣದಲ್ಲಿ ಉಷ್ಣಮಾಪಕವು ತೋರಿಸುವ ಉಷ್ಣತೆಯೇ ಇಬ್ಬನಿಬಿಂದು. ಹೊರಗಿನ ಗಾಳಿಯ ಇಬ್ಬನಿಬಿಂದುವು ನೆಲದ ಉಷ್ಣತೆಗಿಂತ ಹೆಚ್ಚಾಗಿದ್ದರೆ ಕಿಟಕಿ ಬಾಗಿಲುಗಳನ್ನು ಮುಚ್ಚಿರಬೇಕು, ಕಡಿಮೆಯಿದ್ದರೆ ತೆರೆದಿಡಬೇಕು. ‘ಗಾಳಿಯಾಡಿದರೆ ತೇವ ಆರುತ್ತದೆ’ ಎಂಬ ಮಾತು ಎಲ್ಲ ದಿನಕ್ಕೂ ಸಲ್ಲದು. ಅದು ಸಲ್ಲುವ ದಿನ ಯಾವುದೆಂಬುದನ್ನು ಒಂದು ಲೋಟ, ಒಂದು ಉಷ್ಣಮಾಪಕ ಹೇಳಬಲ್ಲವು.