ನಿಮಗಿದು ಗೊತ್ತೆ? ತುರಿಕೆ ನಿಂತರೂ ಹುಳುಕಡ್ಡಿ ಹೋಗಿರುವುದಿಲ್ಲ

ಹನುಮಂತನಗರದಂಥ ಒತ್ತೊತ್ತು ಮನೆಗಳ ಬಡಾವಣೆಯಲ್ಲಿ ಜಡಿಮಳೆ ಹಿಡಿದರೆ ಒಗೆದ ಬಟ್ಟೆ ಬೇಗ ಒಣಗದು. ಅರೆಹಸಿ ಬಟ್ಟೆಯನ್ನೇ ತೊಟ್ಟು ಹೊರಟವರಿಗೆ ಹುಳುಕಡ್ಡಿ ಅಂಟಿಕೊಳ್ಳುವುದು ಸುಲಭ. ತೊಡೆಸಂದಿನಲ್ಲೋ ಸೊಂಟದಲ್ಲೋ ಉಂಗುರದಂಥ ಕಲೆ ಏಳುತ್ತದೆ. ಅಂಚು ಕೆಂಪಗೆ ಉಬ್ಬಿ ಹೊಟ್ಟು ಕಟ್ಟಿರುತ್ತದೆ, ನಡುಭಾಗ ತಿಳಿಯಾಗಿರುತ್ತದೆ. ಚರ್ಮದ ಮೇಲ್ಪದರದ ಕೆರಾಟಿನ್ ತಿಂದು ಬದುಕುವ ಶಿಲೀಂಧ್ರವೇ ಇದಕ್ಕೆ ಕಾರಣ. ಟವೆಲ್, ಹಾಸಿಗೆ, ಬಾಚಣಿಗೆಯಿಂದ ಮನೆಮಂದಿಗೆಲ್ಲ ಹಬ್ಬುತ್ತದೆ. ಬೆಕ್ಕು, ನಾಯಿಮರಿಗಳಿಂದಲೂ ಬರಬಹುದು.

ನಿಜವಾದ ಅಪಾಯ ಸ್ಟೀರಾಯ್ಡ್ ಬೆರೆತ ಮುಲಾಮಿನಲ್ಲಿದೆ. ಹಚ್ಚಿದ ಎರಡೇ ದಿನಕ್ಕೆ ತುರಿಕೆ, ಕೆಂಪು ಇಳಿಯುತ್ತದೆ. ಆದರೆ ಸ್ಟೀರಾಯ್ಡ್ ಚರ್ಮದ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವುದರಿಂದ ಶಿಲೀಂಧ್ರ ಸದ್ದಿಲ್ಲದೆ ಹರಡುತ್ತದೆ. ಉಂಗುರದ ಆಕಾರ ಅಳಿಸಿಹೋಗಿ, ವೈದ್ಯರಿಗೂ ಗುರುತು ಸಿಗುವುದು ಕಷ್ಟ. ದಿನಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಬಿರುಕುಗೆರೆಗಳು ಬೀಳುತ್ತವೆ. ಆ ಗೆರೆಗಳು ಪೂರ್ತಿ ಮಾಸುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಕ್ಲೊಬೆಟಸಾಲ್‌ನಂಥ ಸ್ಟೀರಾಯ್ಡ್ ಮುಲಾಮುಗಳಿಗೆ ವೈದ್ಯರ ಚೀಟಿ ಕಡ್ಡಾಯ ಮಾಡಿತು. ಮೆಡಿಕಲ್ ಶಾಪ್‌ನಲ್ಲಿ ಟ್ಯೂಬ್ ತಿರುಗಿಸಿ ಹೆಸರು ಓದುವುದು ಅರ್ಧ ನಿಮಿಷದ ಕೆಲಸ, ದಯವಿಟ್ಟು ಓದಿ.

ಭಾರತದಲ್ಲಿ ಈಗ ವ್ಯಾಪಕವಾಗಿರುವ ಹುಳುಕಡ್ಡಿ ಶಿಲೀಂಧ್ರದ ಪ್ರಭೇದಕ್ಕೆ 2020ರಲ್ಲಿ ಜಪಾನಿನ ವಿಜ್ಞಾನಿಗಳು ‘ಟ್ರೈಕೋಫೈಟಾನ್ ಇಂಡೋಟಿನಿಯೆ’ ಎಂದು ಹೆಸರಿಟ್ಟರು. ಟರ್ಬಿನಫಿನ್ ಔಷಧಕ್ಕೆ ಇದು ಹಲವರಲ್ಲಿ ಬಗ್ಗುವುದಿಲ್ಲ. ಹಾಗಾಗಿ ಕಲೆ ಮಾಯವಾದರೂ ವೈದ್ಯರು ಹೇಳಿದಷ್ಟು ದಿನ ಔಷಧ ಬಿಡಬಾರದು, ಮನೆಯಲ್ಲಿ ತುರಿಕೆ ಇದ್ದವರೆಲ್ಲ ಒಟ್ಟಿಗೇ ಚಿಕಿತ್ಸೆ ಪಡೆಯಬೇಕು.

ಹುಳುಕಡ್ಡಿಯಿಂದ ಮಕ್ಕಳ ತಲೆಯಲ್ಲಿ ಕೂದಲು ಉದುರಿ ಬಿಲ್ಲೆಯಂತಾದರೆ ಮುಲಾಮು ಸಾಲದು. ಬೇರಿನವರೆಗೆ ಇಳಿದ ಶಿಲೀಂಧ್ರಕ್ಕೆ ಹೊಟ್ಟೆಗೆ ಕೊಡುವ ಔಷಧವೇ ಬೇಕು.