ಮೂರು ಬೆಟ್ಟಗಳ ಪ್ರಾರ್ಥನೆ

ಊರು ಬಿಟ್ಟು ಬಂದ ನಮಗೆ ನೆರೆಯವರ ಹಬ್ಬದ ತಿಂಡಿಯ ಪರಿಚಯ ಬೇಗನೆ ಆಗುತ್ತದೆ. ಅವರ ಪ್ರಾರ್ಥನೆಯ ಪರಿಚಯ ಮಾತ್ರ ವರ್ಷಗಳು ಕಳೆದರೂ ಆಗುವುದಿಲ್ಲ. ಬೇಡುವವರು ಏನೆಂದು ಬೇಡುತ್ತಾರೆ? ಕೇಳಿ ತಿಳಿದರೆ ಸೋಜಿಗವೇ ಕಾದಿದೆ.

ಷಿಯಾ ಮುಸಲ್ಮಾನರು ಶುಕ್ರವಾರ ಹೊತ್ತು ಮುಳುಗುವ ಮುನ್ನ ಓದುವ 'ದುಆ ಸಿಮಾತ್' ಎಂಬ ಅರಬ್ಬಿ ಪ್ರಾರ್ಥನೆಯೊಂದಿದೆ. 1067ರಲ್ಲಿ ತೀರಿಕೊಂಡ ವಿದ್ವಾಂಸ ಷೇಕ್ ತೂಸಿಯವರು ತಮ್ಮ ಪ್ರಾರ್ಥನಾ ಸಂಗ್ರಹದಲ್ಲಿ ಇದನ್ನು ಸೇರಿಸಿದ್ದಾರೆ. ಬೇಡುವವನು ಇಲ್ಲಿ ಒಮ್ಮೆಗೇ ತನ್ನ ಕೋರಿಕೆಗೆ ಬರುವುದಿಲ್ಲ. ದೇವರು ಹಿಂದೆ ಯಾರಿಗೆ, ಎಲ್ಲಿ ತೋರಿದನೆಂಬುದನ್ನು ಒಂದೊಂದಾಗಿ ಎಣಿಸಿ, ಅವುಗಳ ಹೆಸರಿನಲ್ಲಿ ಬೇಡುತ್ತಾನೆ. ಮೋಶೆಗಾಗಿ ಇಬ್ಭಾಗವಾದ ಸಮುದ್ರ, ಉರಿಯ ಕಂಬ, ಹೋರೇಬ್ ಬೆಟ್ಟ, ಇಸಾಕನಿಗೆ ಬೇರ್ಷೆಬದ ಬಾವಿ, ಯಾಕೋಬನಿಗೆ ಬೇತೇಲ್! ಪರವೂರಿನಲ್ಲಿ ಮಕ್ಕಳಿಗೆ ಅಜ್ಜನ ಊರಿನ ಬಾವಿ, ಗುಡ್ಡಗಳ ಹೆಸರು ಹೇಳಿಕೊಡುವ ನಮಗೆ ಈ ರೀತಿ ಹೊಸದೆನಿಸದು.

ಹೋರೇಬ್, ಬೇರ್ಷೆಬ, ಬೇತೇಲ್ ಎಂಬ ಹೆಸರುಗಳು ಕುರಾನಿನಲ್ಲಿಲ್ಲ, ಯೆಹೂದ್ಯರ ತೋರಾದಲ್ಲಿವೆ. ಅದೇ ಗ್ರಂಥವು ಕ್ರೈಸ್ತರ ಬೈಬಲಿನ ಮೊದಲ ಭಾಗವೂ ಹೌದು. ಇನ್ನೂ ಸ್ಪಷ್ಟವಾದ ಹೋಲಿಕೆಯೊಂದುಂಟು. ಧರ್ಮೋಪದೇಶಕಾಂಡದ 33ನೆಯ ಅಧ್ಯಾಯದಲ್ಲಿ, ಸಾಯುವ ಮುನ್ನ ತನ್ನ ಜನರನ್ನು ಹರಸುವ ಮೋಶೆಯು, ದೇವರ ಬೆಳಕು ಸೀನಾಯಿ, ಸೇಯೀರ್, ಪಾರಾನ್‌ಗಳಲ್ಲಿ ಮೂಡಿದ್ದನ್ನು ನೆನೆಯುತ್ತಾನೆ. ದುಆ ಸಿಮಾತಿನಲ್ಲಿಯೂ ಅವೇ ಮೂರು ಹೆಸರುಗಳು, ಅದೇ ಕ್ರಮದಲ್ಲಿ! ಯೆಹೂದ್ಯರಿಗೆ ಇವು ತಮ್ಮ ಹಿರಿಯರು ಮರುಭೂಮಿಯಲ್ಲಿ ಅಲೆದ ಕಾಲದ ನೆನಪು. ಅನೇಕ ಮುಸ್ಲಿಂ ವ್ಯಾಖ್ಯಾನಕಾರರಿಗೆ ಸೀನಾಯಿ ಮೋಶೆಯ ಗುರುತು, ಸೇಯೀರ್ ಯೇಸುವಿನದು, ಪಾರಾನ್ ಮೆಕ್ಕೆಯ ಪ್ರವಾದಿಯದು.

ಕ್ರೈಸ್ತರ ದನಿಯೂ ಇಲ್ಲದಿಲ್ಲ. 889ರಲ್ಲಿ ತೀರಿಕೊಂಡ ಅಬೂ ದಾವೂದರ ಹದೀಸ್ ಸಂಗ್ರಹದಲ್ಲಿ ರೋಗಿಗಾಗಿ ಹೇಳುವ ಒಂದು ಪ್ರಾರ್ಥನೆಯಿದೆ. ಪರಲೋಕದಲ್ಲಿರುವ ದೇವರನ್ನು ಕರೆಯುವುದು, ಅವನ ನಾಮದ ಪಾವಿತ್ರ್ಯವನ್ನು ಸಾರುವುದು, ಪರಲೋಕದಲ್ಲಿದ್ದಂತೆ ಭೂಮಿಯ ಮೇಲೂ ಅವನ ದಯೆಯನ್ನು ಕೋರುವುದು, ತಪ್ಪುಗಳಿಗೆ ಕ್ಷಮೆ ಬೇಡುವುದು: ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯನ್ನು ಬಲ್ಲವರಿಗೆ ಇದು ಕೇಳಿದ ದನಿಯೇ.

ಹಾಗಾದರೆ ಯಾರು ಯಾರಿಂದ ಪಡೆದರು? ಈ ಪ್ರಶ್ನೆ ಬೇಗನೆ ಜಗಳಕ್ಕೆ ತಿರುಗುತ್ತದೆ. ತೋರಾವನ್ನೂ ಸುವಾರ್ತೆಯನ್ನೂ ಕಳುಹಿಸಿದವನು ಒಬ್ಬನೇ ದೇವರು, ಆದುದರಿಂದ ಆ ಪ್ರವಾದಿಗಳೆಲ್ಲ ನಮ್ಮವರು ಎಂಬುದು ಮುಸಲ್ಮಾನರ ಉತ್ತರ. ಇತಿಹಾಸವನ್ನು ನೋಡಿದರೆ, ಷಿಯಾ ಪಂಥ ಬೆಳೆದ ಇರಾಕಿನಲ್ಲಿಯೇ ಸೂರಾ, ಪುಂಬೆದಿತಾ ಎಂಬ ಯೆಹೂದ್ಯರ ದೊಡ್ಡ ವಿದ್ಯಾಪೀಠಗಳೂ ಇದ್ದವು. ನೆರೆಹೊರೆಯಲ್ಲಿ ಮಾತು ಗೋಡೆ ದಾಟುವುದು ಸಹಜವಲ್ಲವೆ? ಪ್ರಾರ್ಥನೆಯ ಮಾತು ಹಂಚಿಕೊಂಡರೆ ಯಾರ ಭಕ್ತಿಯೂ ಕಡಿಮೆಯಾಗದು.

ಮುಂಬಯಿಯ ಮಸ್ಜಿದ್ ರೈಲು ನಿಲ್ದಾಣಕ್ಕೆ ಆ ಹೆಸರು ಬಂದದ್ದು ಹತ್ತಿರದ ಯೆಹೂದ್ಯ ಮಂದಿರದಿಂದ ಎನ್ನುತ್ತಾರೆ. ಆ ಮಂದಿರ 1796ರದು. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ಡೋಂಗ್ರಿಯಲ್ಲಿ, 1860ರಲ್ಲಿ ಇರಾನಿ ಷಿಯಾ ಜನರಿಗಾಗಿ ಕಟ್ಟಿದ ಮೊಗಲ್ ಮಸೀದಿಯಿದೆ. ಆ ದಾರಿಯಲ್ಲಿ ಮಕ್ಕಳನ್ನು ಕರೆದೊಯ್ಯುವಾಗ ಈ ಮೂರು ಬೆಟ್ಟಗಳ ಕಥೆಯನ್ನೂ ಹೇಳೋಣ.